ನಂದಿಬೆಟ್ಟ ಹತ್ತುವಾಗ ಪಿಕಪ್ ಇಲ್ಲ: ಇಂಜೆಕ್ಟರಾ, ವಿವಿಟಿನಾ?

ಪ್ರಶ್ನೆ: ಅಣ್ಣಾ, ನಾನು ಚಿಕ್ಕಬಳ್ಳಾಪುರದವನು. ಹತ್ತು ವರ್ಷದ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡು ಏಳು ತಿಂಗಳಾಯ್ತು. ಎಂಜಿನ್ ಕವರ್ ಮೇಲೆ ವಿವಿಟಿ ಅಂತ ಬರೆದಿದೆ. ಬೆಟ್ಟದ ತಿರುವುಗಳಲ್ಲಿ ಸೆಕೆಂಡ್ ಗೇರ್‌ನಲ್ಲೂ ಎಳೆಯುವುದಿಲ್ಲ, ಸ್ಲೋ ಸ್ಪೀಡ್‌ನಲ್ಲಿ ನಡುಗುತ್ತದೆ. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ ಬದಲಿಸಿ ಅಂದರು. ಅಪ್ಪನ ಹಳೆ ಕಾರ್ಬ್ಯುರೇಟರ್ ಗಾಡಿ ಒಂದು ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತಿತ್ತು. ಇದರಲ್ಲಿ ಒಳಗೆ ಏನು ನಡೆಯುತ್ತದೆ?

ಉತ್ತರ (ಮೆಕ್ಯಾನಿಕ್): ದುಡ್ಡು ಕೊಡುವ ಮೊದಲು ಕೇಳಿದಿರಲ್ಲ, ಒಳ್ಳೇದಾಯ್ತು.

ಕಾರ್ಬ್ಯುರೇಟರ್‌ನಲ್ಲಿ ಎಂಜಿನ್ ಗಾಳಿ ಎಳೆದುಕೊಂಡಾಗ ಅದರ ಜೊತೆ ಪೆಟ್ರೋಲ್ ಬರುತ್ತದೆ. ಬೆಟ್ಟದ ತುದಿ 1478 ಮೀಟರ್ ಎತ್ತರ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಆದರೆ ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ. ಇಂಜೆಕ್ಷನ್ ಗಾಡಿಯಲ್ಲಿ ಒಳಗೆ ಬರುವ ಗಾಳಿ ಎಷ್ಟು ಅಂತ ಸೆನ್ಸರ್ ಹೇಳುತ್ತದೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅನ್ನುವ ಲೆಕ್ಕದಲ್ಲಿ ಕಂಪ್ಯೂಟರ್ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೆರೆಯುತ್ತದೆ, ಅದೂ ಮಿಲಿಸೆಕೆಂಡುಗಳ ಲೆಕ್ಕ. ಲೆಕ್ಕ ತಪ್ಪಿದರೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಹೇಳಿಬಿಡುತ್ತದೆ. ಹಾಗಾಗಿ ಬರೀ ಎತ್ತರಕ್ಕೆ ಈ ಗಾಡಿ ಇಷ್ಟು ಸುಸ್ತಾಗಬಾರದು.

ನನಗೆ ಅನುಮಾನ ವಿವಿಟಿ ಮೇಲೆ, ಅಂದರೆ ವಾಲ್ವ್ ತೆರೆಯುವ ಹೊತ್ತು ಬದಲಿಸುವ ವ್ಯವಸ್ಥೆ (ವೇರಿಯಬಲ್ ವಾಲ್ವ್ ಟೈಮಿಂಗ್). ವಾಲ್ವ್ ಅಂದರೆ ಎಂಜಿನ್ ಒಳಗೆ ಗಾಳಿ ಬಿಡುವ ಬಾಗಿಲು. ಹಳೆ ಎಂಜಿನ್‌ನಲ್ಲಿ ಅದು ತೆರೆಯುವ ಹೊತ್ತು ಬದಲಾಗುತ್ತಿರಲಿಲ್ಲ. ಇದರಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ತುದಿಯ ಹಲ್ಲುಚಕ್ರದೊಳಗೆ ಸಣ್ಣ ಆಯಿಲ್ ಕೋಣೆಗಳಿವೆ. ಕಂಪ್ಯೂಟರ್ ಹೇಳಿದಂತೆ ಆಯಿಲ್ ಒತ್ತಿ, ಕ್ಯಾಮ್ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ತಿರುಗುತ್ತದೆ. ಬಾಗಿಲು ಬೇಗ ತೆರೆಯುವ ಕಡೆ ಸಿಕ್ಕಿಕೊಂಡರೆ ಸುಟ್ಟ ಗ್ಯಾಸ್ ವಾಪಸ್ ನುಗ್ಗಿ ಸ್ಲೋ ಸ್ಪೀಡ್ ನಡುಗುತ್ತದೆ. ತಡವಾಗಿ ತೆರೆಯುವ ಕಡೆ ಸಿಕ್ಕಿಕೊಂಡರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆಯುವುದಿಲ್ಲ. ನಿಮಗೆ ಎರಡೂ ಇದೆ ಅಂದರೆ ಕ್ಯಾಮ್ ಹಿಂದೆ ಮುಂದೆ ಸರಾಗವಾಗಿ ಓಡಾಡುತ್ತಿಲ್ಲ ಅಂತ ಕಾಣುತ್ತದೆ. ಆಯಿಲ್ ಯಾವುದು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು: ಹಳೆ ಗಾಡಿಗೆ ದಪ್ಪ ಆಯಿಲ್ ಒಳ್ಳೇದು ಅಂತ 20ಡಬ್ಲ್ಯು-50 ಹಾಕಿಸಿದೆ. ಡಿಪ್‌ಸ್ಟಿಕ್‌ನಲ್ಲಿ ನೋಡಿದರೆ ಟಾರ್ ತರ ಕಪ್ಪಗಿದೆ.

ಮೆಕ್ಯಾನಿಕ್: ಸಿಕ್ಕಿತು ನೋಡಿ! ಈ ಎಂಜಿನ್‌ಗಳಿಗೆ ಸಾಮಾನ್ಯವಾಗಿ 5ಡಬ್ಲ್ಯು-30 ತರದ ತೆಳು ಆಯಿಲ್ ಬರೆದಿರುತ್ತಾರೆ, ನಿಮ್ಮ ಬುಕ್‌ನಲ್ಲಿ ಏನಿದೆಯೋ ಅದೇ ಹಾಕಿಸಿ. ದಪ್ಪ ಆಯಿಲ್ ಆ ಸಣ್ಣ ದಾರಿಗಳಲ್ಲಿ ಬೇಗ ಹರಿಯುವುದಿಲ್ಲ. ಆಮೇಲೆ ಆ ಕೋಣೆಗಳಿಗೆ ಆಯಿಲ್ ಬಿಡುವ ಆಯಿಲ್ ಕಂಟ್ರೋಲ್ ವಾಲ್ವ್ ತೆಗೆಸಿ. ಜಾಸ್ತಿ ಗಾಡಿಗಳಲ್ಲಿ ಒಂದೇ ಬೋಲ್ಟ್. ಅದರಲ್ಲಿ ಸೊಳ್ಳೆ ಪರದೆಯಂತಹ ಸಣ್ಣ ಜಾಲರಿ ಇರುತ್ತದೆ. ಹೋದ ತಿಂಗಳು ಒಂದು ಗಾಡಿಯಲ್ಲಿ ಅದರ ಮೇಲೆ ಕಾಡಿಗೆ ಮೆತ್ತಿದ ಹಾಗಿತ್ತು. ಬೆರಳಲ್ಲಿ ಒರೆಸಿದರೆ ಕೆಳಗೆ ಕಂಡಿದ್ದು ಎರಡು ಮೂರು ಕಣ್ಣು ಮಾತ್ರ, ಮಿಕ್ಕಿದ್ದೆಲ್ಲ ಮುಚ್ಚಿತ್ತು. ತೊಳೆದು ಹೊಸ ಆಯಿಲ್ ಹಾಕಿದ ಮೇಲೆ ಆ ಗಾಡಿಯವರು ಬೆಟ್ಟದಿಂದಲೇ ಫೋನ್ ಮಾಡಿ ಚೆನ್ನಾಗಿ ಎಳೆಯುತ್ತಿದೆ ಅಂದರು.

ಇನ್ನೊಬ್ಬರು: ಸ್ಕ್ಯಾನ್ ಮಾಡಿಸಿದರೆ ಸಾಕಲ್ವಾ ಅಣ್ಣ?

ಮೆಕ್ಯಾನಿಕ್: ಮಾಡಿಸಲೇಬೇಕು. ಸ್ಕ್ಯಾನ್‌ನಲ್ಲಿ ಕಾರಿನ ಕಂಪ್ಯೂಟರ್ ದೋಷದ ಕೋಡ್ ತೋರಿಸುತ್ತದೆ. ಪಿ0011 ಬಂದರೆ ಕ್ಯಾಮ್ ಜಾಸ್ತಿ ಮುಂದಿದೆ, ಪಿ0012 ಬಂದರೆ ಹಿಂದಿದೆ. ಪಿ0016 ಬಂದರೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಉದ್ದವಾಗಿದೆಯಾ, ಹಲ್ಲು ಜಾರಿದೆಯಾ ಅಂತ ನೋಡಬೇಕು. ಕೋಡ್ ಬಂತು ಅಂತ ಸುಮ್ನೆ ಪಾರ್ಟ್ ಬದಲಿಸುವುದು ನನಗೆ ಇಷ್ಟವಿಲ್ಲ. ಇಂಜೆಕ್ಟರ್ ಮೇಲೆ ಅನುಮಾನವಿದ್ದರೆ ನಾಲ್ಕನ್ನೂ ತೆಗೆಸಿ ಮೆಷಿನ್ನಿನಲ್ಲಿ ಸ್ಪ್ರೇ ನೋಡಿ. ಹನಿ ಹನಿ ಬೀಳುತ್ತಿರುವುದು ಯಾವುದೋ ಅದನ್ನು ಮೊದಲು ಕ್ಲೀನ್ ಮಾಡಿಸಿ.

ಪ್ರಶ್ನೆ ಕೇಳಿದವರು: ಸರಿ ಅಣ್ಣ, ಭಾನುವಾರ ಆಯಿಲ್ ಬದಲಿಸುತ್ತೇನೆ. ಜಾಲರಿ ಫೋಟೋ ಇಲ್ಲೇ ಹಾಕುತ್ತೇನೆ.