ಮರು: ಪದ ಬೇಕು – ಹೊಸ ವಿಂಡೋಸ್‌ನಲ್ಲಿ ಹಳೆ ಸಾಫ್ಟ್‌ವೇರ್ ನಡೆಯದಿದ್ದರೆ ಏನನ್ನಬೇಕು?

ಕೊಪ್ಪಳದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ) ಅಂಗಡಿಯ ಗೆಳೆಯರಿಗೆ ರಾಯಚೂರಿನಿಂದ ನಮಸ್ಕಾರ. ಇಂಗ್ಲಿಷಿನ ‘ಕಂಪ್ಯಾಟಿಬಲ್’ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ, ಸೋಮವಾರ ಅಂಗಡಿ ಬೋರ್ಡು ಫ್ಲೆಕ್ಸ್‌ಗೆ ಹೋಗಬೇಕು ಅಂತ ಬರೆದಿದ್ದೀರಿ. ಮೂರು ದಿನದಿಂದ ಇಲ್ಲಿ ಜಗಳ ನಡೆದಿದೆಯೇ ಹೊರತು ನಿಮಗೆ ಪದ ಸಿಕ್ಕಿಲ್ಲ. ಹಾಗಾಗಿ ಮೊದಲು ಉತ್ತರ, ಆಮೇಲೆ ಇಲ್ಲಿ ಬೇರೆಯವರು ಬರೆದ ಒಂದೊಂದು ಮಾತಿಗೆ ವಾದ. ಹೀಗೆ ಬರೆಸಿ:

“ಹೊಸ ವಿಂಡೋಸ್ ಹಾಕಿಸುವ ಮುಂಚೆ ಬನ್ನಿ. ನಿಮ್ಮ ಪ್ರಿಂಟರ್, ಹಳೆ ಸಾಫ್ಟ್‌ವೇರ್ ಅದಕ್ಕೆ ಒಗ್ಗುತ್ತವೋ ಇಲ್ಲವೋ ನೋಡಿ ಹೇಳುತ್ತೇವೆ.”

> ಹೊಂದಾಣಿಕೆ ಅಂತ ಇದೆಯಲ್ಲ. ಚರ್ಚೆ ಮುಗಿಯಿತು.

ಮುಗಿದಿಲ್ಲ ಸರ್. ಹೊಂದಾಣಿಕೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಗಂಡ ಹೆಂಡತಿ, ಆಮೇಲೆ ಚುನಾವಣೆಯ ಸೀಟು. ಇಬ್ಬರೂ ಒಂಚೂರು ಬಿಟ್ಟುಕೊಟ್ಟು ನಡೆಯುವುದಕ್ಕೆ ಆ ಮಾತು. ಕಂಪ್ಯೂಟರ್ ಏನನ್ನೂ ಬಿಟ್ಟುಕೊಡುವುದಿಲ್ಲ. ಅದನ್ನೇ ಕ್ರಿಯಾಪದ ಮಾಡಿ ನೋಡಿ, ಇನ್ನೂ ಕಷ್ಟ. ‘ಹೊಂದು’ವಿಗೆ ಪಡೆ ಅನ್ನುವ ಅರ್ಥವೂ ಇದೆ. ‘ಪ್ರಿಂಟರ್ ಹೊಂದದ ಕಂಪ್ಯೂಟರ್’ ಅಂತ ಬರೆದರೆ ಪ್ರಿಂಟರೇ ಇಲ್ಲದ ಕಂಪ್ಯೂಟರ್ ಅಂತ ಓದುತ್ತಾರೆ. ಬೋರ್ಡು ಓದುವವರು ಬೈಕ್ ಮೇಲಿರುತ್ತಾರೆ, ಎರಡನೇ ಸಲ ಓದುವುದಿಲ್ಲ.

> ಸುಸಂಗತತೆ. ಶಾಸ್ತ್ರದ ವಿಷಯಕ್ಕೆ ಆಡುಮಾತು ಸಲ್ಲದು. ಲ್ಯಾಟಿನ್ ಮೂಲ ನೋಡಿ.

ನೋಡಿದೆ. ‘ಕಂಪ್ಯಾಟಿಬಲ್’ನ ಬೇರಿನಲ್ಲಿರುವುದು ಜೊತೆಯಾಗಿ ನೋವು ತಿನ್ನುವುದು, ತಾಳಿಕೊಳ್ಳುವುದು. ಅದನ್ನು ಹಿಡಿದು ಹೊರಟರೆ ಸುಸಂಗತತೆ ಸಿಗುವುದಿಲ್ಲ, ಸಹನೆ ಸಿಗುತ್ತದೆ. ಪದ ಹುಡುಕಬೇಕಾದದ್ದು ಇಲ್ಲಿಯ ಜನರ ಬಾಯಲ್ಲಿ.

ನಮ್ಮ ಜನ ಏನಂತಾರೆ? ಬೆಂಗಳೂರಿಗೆ ಹೋದ ಹುಡುಗ ತಿಂಗಳಿಗೆ ಎರಡು ಸಲ ಜ್ವರ ಬಂದು ಮಲಗಿದರೆ ‘ಅಲ್ಲಿ ನೀರು ಒಗ್ಗಲಿಲ್ಲ’ ಅಂತಾರೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಚೆನ್ನಾಗಿ ಬರುವ ಶೇಂಗಾ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಅಷ್ಟು ಒಗ್ಗುವುದಿಲ್ಲ. ಇಲ್ಲಿ ಹುಡುಗನದೂ ತಪ್ಪಿಲ್ಲ, ನೀರಿನದೂ ತಪ್ಪಿಲ್ಲ. ಬೀಜವೂ ಒಳ್ಳೆಯದೇ, ನೆಲವೂ ಒಳ್ಳೆಯದೇ. ಎರಡೂ ಸೇರಿದಾಗ ಮಾತ್ರ ತೊಂದರೆ. ನೀವು ಬೋರ್ಡಿನಲ್ಲಿ ಹೇಳಬೇಕಾಗಿರುವುದು ಇದನ್ನೇ ಅಲ್ವಾ?

ನನಗೇ ಆದದ್ದು ಹೇಳುತ್ತೇನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಎಲ್ಲರಂತೆ ನಾನೂ 11 ಹಾಕಿಸಿದೆ. ಹಳೆಯದು 32 ಬಿಟ್‌ನದಾಗಿತ್ತು (ಬಿಟ್ ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಹಿಡಿಯುವ ಲೆಕ್ಕದ ಅಳತೆ; 16 ತೀರಾ ಹಳೆಯದು, 64 ಹೊಸದು). 11ರಲ್ಲಿ 64 ಬಿಟ್ ಬಿಟ್ಟು ಬೇರೆ ಇಲ್ಲ. ಹದಿನೈದು ವರ್ಷ ದುಡಿದ ಪ್ರಿಂಟರ್‌ಗೆ ಇದ್ದದ್ದು 32 ಬಿಟ್ ಡ್ರೈವರ್ (ಪ್ರಿಂಟರನ್ನು ವಿಂಡೋಸ್ ಜೊತೆ ಜೋಡಿಸುವ ಸಾಫ್ಟ್‌ವೇರ್) ಒಂದೇ. ಅದು ಅಲ್ಲಿ ಕೂರುವುದೇ ಇಲ್ಲ. ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ 32 ಬಿಟ್‌ನದು. ಡ್ರೈವರ್ ಅಲ್ಲದ ಸಾಫ್ಟ್‌ವೇರ್ 32 ಬಿಟ್‌ನದಾದರೂ ಅಲ್ಲಿ ಓಡುತ್ತದೆ, ಹಾಗಾಗಿ ನಡೆಯಬೇಕಿತ್ತು. ಆದರೆ ಅದರ ಇನ್‌ಸ್ಟಾಲರ್ (ಅದನ್ನು ಕಂಪ್ಯೂಟರಿಗೆ ಹಾಕುವ ಕಡತ) 16 ಬಿಟ್‌ನದು. 64 ಬಿಟ್ ವಿಂಡೋಸ್ ಅದನ್ನು ತೆರೆಯುವುದೇ ಇಲ್ಲ. ಮಗನಿಗೆ ಫೋನ್ ಮಾಡಿ ‘ಎಲ್ಲ ಕೆಟ್ಟುಹೋಯ್ತು’ ಅಂದೆ. ‘ಕೆಟ್ಟಿಲ್ಲಪ್ಪಾ, ಹೊಸಾದಕ್ಕ ಒಗ್ಗವಲ್ದು’ ಅಂದ. ಅವನು ನಿಘಂಟು ನೋಡಿ ಹೇಳಿದ್ದಲ್ಲ.

> ‘ಒಗ್ಗದ ತಂತ್ರಾಂಶ’ ಅರಿಸಮಾಸ. ತಪ್ಪು.

ಅರಿಸಮಾಸ ಅಂದರೆ ಕನ್ನಡ, ಸಂಸ್ಕೃತ ಪದ ಬೆರೆಸಿ ಸಮಾಸ ಮಾಡುವ ದೋಷ. ಇದು ಗಮಕ ಸಮಾಸ. ಅದಕ್ಕೆ ಆ ದೋಷವಿಲ್ಲ. ಹಾಗೇ, ಬಳ್ಳಾರಿ ಒಗ್ಗಾಣಿ ತಿಂಡಿಯ ಹೆಸರನ್ನು ‘ಒಗ್ಗು’ವಿನ ಬೇರಿಗೆ ಕಟ್ಟಿದವರಿಗೂ ಒಂದು ಮಾತು: ಅದು ಒಗ್ಗರಣೆಯ ಕಡೆಯದು, ಇಲ್ಲಿಗೆ ಎಳೆಯಬೇಡಿ.

> ತಾಳೆ ಇಂಗ್ಲಿಷಿನ ಟ್ಯಾಲಿಯಿಂದ ಬಂದದ್ದು. ಬೇಡ.

ಇದನ್ನು ಸುಮ್ನೆ ಬಿಡಲು ಆಗುವುದಿಲ್ಲ. ಟ್ಯಾಲಿಯ ಹಿಂದಿರುವುದು ಕೋಲಿನ ತುಂಡು ಅನ್ನುವ ಅರ್ಥದ ಲ್ಯಾಟಿನ್ ಮಾತು. ಕೋಲಿಗೆ ಕಚ್ಚು ಹಾಕಿ ಲೆಕ್ಕ ಇಡುತ್ತಿದ್ದರು. ಮರಾಠಿಯಲ್ಲಿ ‘ತಾಳಾ’ ಅಂದರೆ ಲೆಕ್ಕ ಸರಿಬಂತೇ ಅಂತ ನೋಡುವುದು. ಅಲ್ಲಿ ಬ್ಯಾಲೆನ್ಸ್ ಶೀಟಿಗೆ ‘ತಾಳೇಬಂದ್’ ಅಂತಾರೆ. ನಮ್ಮ ತಾಳೆ ಆ ಮನೆಯ ನೆಂಟ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಸದ್ದು ಒಂದೇ ಇದ್ದ ಮಾತ್ರಕ್ಕೆ ಇಂಗ್ಲಿಷಿಗೆ ಬರೆದುಕೊಡುವುದು ಸರಿಯಲ್ಲ.

ತಾಳೆ ನಿಮಗೆ ಬೇಕಾಗುತ್ತದೆ. ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿಗೆ) ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಹೊಸ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ, ಕನ್ನಡದ ರೂಪ ಕೊಡುವುದು ಆ ಫಾಂಟು. ಫಾಂಟಿಲ್ಲದಿದ್ದರೆ ಬಣ್ಣ ಬಯಲು. ಅಲ್ಲಿ ‘ಒಗ್ಗಲಿಲ್ಲ’ ಅನ್ನುವುದಕ್ಕಿಂತ ‘ಅಕ್ಷರ ತಾಳೆಯಾಗುತ್ತಿಲ್ಲ’ ಅನ್ನುವುದು ಸರಿ. ಎರಡು ತೊಂದರೆ, ಎರಡು ಮಾತು. ಇಂಗ್ಲಿಷಿನಲ್ಲಿ ಒಂದೇ ನಾಮಪದ ಇದೆ ಅಂತ ನಮಗೂ ಒಂದೇ ನಾಮಪದ ಯಾಕೆ ಬೇಕು?

> ಕಂಪ್ಯಾಟಿಬಲ್ ಅಂತಲೇ ಬರೀರಿ. ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತು. ಮಡಿ ಸಾಕು.

ಬಳ್ಳಾರಿ ಅಣ್ಣಾವ್ರೇ, ನಾನು ಮಡಿಯವನಲ್ಲ. 1948ರ ತನಕ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ಅರಬ್ಬಿ, ಪಾರ್ಸಿ ಮೂಲದ ಅರ್ಜಿ, ವಕೀಲ, ದಫ್ತರ ಎಲ್ಲ ನಮ್ಮ ಮನೆಮಾತು. ನಿಮ್ಮದು 1953ರ ತನಕ ಮದ್ರಾಸು, ನಿಮ್ಮಲ್ಲಿ ತೆಲುಗು ಜಾಸ್ತಿ. ಯಾರ ಭಾಷೆಯೂ ಕೆಟ್ಟಿಲ್ಲ. ನನ್ನ ವಾಕ್ಯದಲ್ಲೂ ವಿಂಡೋಸ್, ಪ್ರಿಂಟರ್, ಸಾಫ್ಟ್‌ವೇರ್ ಇವೆ. ಅವು ವಸ್ತುವಿನ ಜೊತೆ ಬಂದ ಹೆಸರುಗಳು, ಇರಲಿ. ಒಗ್ಗುವುದು, ಒಗ್ಗದಿರುವುದು ಕಂಪ್ಯೂಟರ್ ಜೊತೆ ಬಂದದ್ದಲ್ಲ. ನಿಮ್ಮ ಅಜ್ಜಿಗೂ ಅದು ಗೊತ್ತಿತ್ತು. ಕಂಪ್ಯಾಟಿಬಲ್ ಗೊತ್ತಿರುವವರು ಆ ಬೋರ್ಡು ನೋಡಿ ಅಂಗಡಿಗೆ ಬರುವುದಿಲ್ಲ, ಅವರೇ ಮನೆಯಲ್ಲಿ ನೋಡಿಕೊಳ್ಳುತ್ತಾರೆ.

ಕೊಪ್ಪಳದವರೇ, ರೇಟಿನ ಪಟ್ಟಿಗೆ ನಾಮಪದ ಬೇಕೇ ಬೇಕು ಅಂದಿದ್ದೀರಿ. ‘ಒಗ್ಗಿಕೆ’ ಅಂತ ಕಟ್ಟಬಹುದು, ವ್ಯಾಕರಣ ಒಪ್ಪುತ್ತದೆ. ಆದರೂ ನಾನಾದರೆ ‘ಒಗ್ಗುತ್ತದಾ ನೋಡುವುದಕ್ಕೆ’ ಅಂತ ಬರೆದು ಪಕ್ಕದಲ್ಲಿ ರೇಟು ಹಾಕುತ್ತೇನೆ. ಮತ್ತೆ, ಫ್ಲೆಕ್ಸ್‌ನವರಿಗೆ ಕೊಡುವಾಗ ಅಕ್ಷರ ಎಲ್ಲ ಕರ್ವ್ಸ್ (ಫಾಂಟು ಬೇಡದ ಚಿತ್ರದ ಗೆರೆ) ಮಾಡಿ ಕೊಡಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟು ಇಲ್ಲದಿದ್ದರೆ ‘ಒಗ್ಗು’ವಿನ ಒತ್ತೇ ಬಿದ್ದುಹೋಗಬಹುದು.