ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕೂಲಿಗೆ ಯಾಕೆ ಹೋಗ್ತಾರೆ?

ಚಾರಣಪ್ರಿಯ: ಬೆಟ್ಟಕ್ಕೆ ಹೋಗಿದ್ದಾಗ ಒಂದು ಪೋಡಿನಲ್ಲಿ (ಸೋಲಿಗರ ಹಾಡಿ) ಮಾತಾಡಿಸಿದೆ. ತುಂಬಾ ಜನ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾರೆ ಅಂದ್ರು. ಇವರಿಗೆ ಕಾಡಿನ ಹಕ್ಕು ಸಿಕ್ಕಿದೆ ಅಲ್ವಾ? ಜೇನು, ನೆಲ್ಲಿ ಎಲ್ಲಾ ಮನೆ ಹಿಂದೇನೇ ಇದೆ. ಮತ್ಯಾಕೆ?

ಯಳಂದೂರಿನವ: ಹಕ್ಕು ಸಿಕ್ಕಿರೋದು ನಿಜ. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು, ಅದೇ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು, ಅಂದ್ರೆ ಊರವರೆಲ್ಲ ಸೇರಿ ಕಾಡಿನ ಉತ್ಪನ್ನ ತೆಗೆಯೋ ಹಕ್ಕು ಕೊಟ್ಟರು. ಆದ್ರೆ ಅಷ್ಟೊತ್ತಿಗೆ ಏನೇನಾಗಿತ್ತು ನೋಡಿ. 1974ರಲ್ಲಿ ಅಭಯಾರಣ್ಯ ಆದಾಗ, ಕಾಡು ಸವರಿ ರಾಗಿ ಬಿತ್ತಿ ಕೆಲ ವರ್ಷಕ್ಕೆ ಜಾಗ ಬದಲಿಸುತ್ತಿದ್ದ ಬೇಸಾಯ ನಿಂತಿತು, ಒಳಗಿದ್ದವರನ್ನ ತಂದು ಪೋಡುಗಳಲ್ಲಿ ಕೂರಿಸಿದ್ರು. ಆಮೇಲೆ ಉಳಿದಿದ್ದು ಲ್ಯಾಂಪ್ಸ್ ಸೊಸೈಟಿಗೆ (ಕಾಡಿನ ಉತ್ಪನ್ನ ಕೊಳ್ಳೋ ಗಿರಿಜನರ ಸಹಕಾರ ಸಂಘ) ಜೇನು, ನೆಲ್ಲಿ, ಮರದ ಪಾಚಿ, ಸೀಗೆ ಹಾಕೋದು. 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದಿದ ಮೇಲೆ ಕೆಲ ವರ್ಷದಲ್ಲಿ ಅದನ್ನೂ ನಿಲ್ಲಿಸಿದ್ರು. ಹೊಟ್ಟೆ ಕೇಳುತ್ತಾ? ತೋಟದ ದಾರಿ ಹಿಡಿದರು. ಹಕ್ಕುಪತ್ರ ಬಂತು ಅಂತ ಬಟವಾಡೆ ಬಿಟ್ಟು ಎಲ್ಲರೂ ವಾಪಸ್ ಬರಲ್ಲ.

ಕಾಡುಮೇಡು: ನೆಲ್ಲಿ ಮನೆ ಹಿಂದೆ ಇದೆ ಅಂದ್ರಲ್ಲ, ಒಳಗೆ ಹೋಗಿ ನೋಡಿ ಸ್ವಾಮಿ. ಲಂಟಾನ ಅನ್ನೋ ಕಳೆಗಿಡ ಆಳೆತ್ತರ ಬೆಳೆದಿದೆ, ಮಧ್ಯೆ ಆನೆ ನಿಂತಿದ್ರೂ ಕಾಣಲ್ಲ. ನೆಲ್ಲಿ ಮರದ ಮೇಲೆ ಉಪ್ಪಿಲು ಅನ್ನೋ ಬದನಿಕೆ ಗಿಡ ಕೂತು ರಸ ಹೀರುತ್ತೆ, ಕೊಂಬೆ ಒಣಗುತ್ತೆ. ಮೊದಲು ಬೇಸಿಗೆ ಏರೋ ಮುಂಚೆ ತರಗು ಬೆಂಕಿ ಹಾಕ್ತಿದ್ರು. ನೆಲದ ತರಗೆಲೆ ಮಾತ್ರ ಸುಡೋದು, ಲಂಟಾನ, ಉಪ್ಪಿಲು ಎರಡೂ ಹತೋಟಿಯಲ್ಲಿ ಇರ್ತಿತ್ತು ಅಂತ ಹಿರಿಯರು ಹೇಳ್ತಾರೆ. ಅದು ನಿಂತಿತು, ಕಾಡು ಹೀಗಾಯ್ತು.

ಒಣಮಾತು: ಈಗ ಬೆಂಕಿ ಹಾಕೋಕೆ ಆಗಲ್ಲ ಬಿಡಿ. ಲಂಟಾನ ಒಣಗಿ ನಿಂತಿರೋ ಕಡೆ ಬೆಂಕಿ ನೆಲದಲ್ಲಿ ನಿಲ್ಲುತ್ತಾ, ಮರ ಹತ್ತುತ್ತೆ. ಮೊದಲು ಅದನ್ನ ಕೀಳಬೇಕು, ಆ ಕೂಲಿ ಪೋಡಿನವರಿಗೇ ಸಿಗಬೇಕು. ಇನ್ನೊಂದು, ಜೇನು ಇಳಿಸೋದು ಸುಮ್ನೆ ಅಲ್ಲ. ಕತ್ತಲಲ್ಲಿ ಮರ ಹತ್ತಿ, ಹಸಿ ಸೊಪ್ಪಿನ ಹೊಗೆ ಹಿಡಿದು ಹೆಜ್ಜೇನು ಎಬ್ಬಿಸಬೇಕು. ಹುಲಿಗೆ ಮರ ಹತ್ತೋಕೆ ಬರಲ್ಲ ಅಂತ ಅದರ ಪಾಲಿಗೆ ಒಂದು ತುಂಡು ಕೆಳಗೆ ಬಿಡೋ ಜನ ಇವರು! ಆದ್ರೂ ಓದಿದ ಹುಡುಗರು ಆ ಕೆಲಸ ಬೇಡ ಅಂದ್ರೆ ಬೈಯೋಕೆ ನಾವ್ಯಾರು?

ಚಾರಣಪ್ರಿಯ: ಹಾಗಾದ್ರೆ ಪೋಡಲ್ಲೇ ಉಳಿದವರಿಗೆ ಸಂಪಾದನೆ?

ಯಳಂದೂರಿನವ: ಕಾಫಿ, ಮೆಣಸು. ರಾಗಿ ಹಾಕಿದ್ರೆ ಹಂದಿ, ಆನೆ ಬಿಡಲ್ಲ, ಕಾಫಿ ಗಿಡಕ್ಕೆ ಕಾಟ ಕಮ್ಮಿ. ಆದ್ರೆ ತುಂಡು ಜಮೀನು, ಕೈಯಲ್ಲಿ ಕಾಸಿಲ್ಲ, ಹಣ್ಣು ಗಿಡದಲ್ಲಿ ಇರುವಾಗಲೇ ವ್ಯಾಪಾರಿ ಮುಂಗಡ ಕೊಟ್ಟು ತಾನೇ ರೇಟು ಹೇಳ್ತಾನೆ. ಮುಂದಿನ ಸಲ ಹೋದಾಗ ದಾರಿ ಬದಿ ಅಂಗಡಿ ಬಿಟ್ಟು ಪೋಡಿನವರ ಹತ್ರಾನೇ ಕಾಫಿಪುಡಿ ಕೇಳಿ. ಚೌಕಾಸಿ ಮಾಡಬೇಡಿ.