ಟ್ರೂಕ್ರಿಪ್ಟ್ 7.1ಎ ನಾನೇ ಬಿಲ್ಡ್ ಮಾಡಿದೆ, ಹ್ಯಾಶ್ ಮಾತ್ರ ತಾಳೆ ಆಗ್ತಿಲ್ಲ

ಪ್ರಶ್ನೆ:
ನಮಸ್ಕಾರ. ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ವೆರಾಕ್ರಿಪ್ಟ್ ಸಾಫ್ಟ್‌ವೇರ್‌ಗೆ ಹೋಗೋ ಮುಂಚೆ, ಅದು ಯಾವುದರಿಂದ ಕವಲೊಡೆದು ಬಂತೋ ಆ ಟ್ರೂಕ್ರಿಪ್ಟ್ 7.1ಎ ಬೈನರಿ (ಓಡಿಸೋಕೆ ಸಿದ್ಧವಾದ ಫೈಲ್) ನಿಜವಾಗಲೂ ಅವರು ಪ್ರಕಟಿಸಿದ ಸೋರ್ಸ್ ಕೋಡ್‌ನಿಂದ ಬಂದದ್ದಾ ಅಂತ ನೋಡಬೇಕಿತ್ತು. ವಿಷುವಲ್ ಸ್ಟುಡಿಯೊ 2008 ಹಾಕಿ, ಡಿ ಡ್ರೈವ್‌ನಲ್ಲಿ ಕಂಪೈಲ್ ಮಾಡಿದೆ. ಎರರ್ ಒಂದೂ ಬರಲಿಲ್ಲ. ಆದರೆ ಡ್ರೈವರ್ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಗುರುತು) ಬೇರೆ, ಅಧಿಕೃತ ಫೈಲ್ ಕೆಲವು ಕೆಬಿ ದೊಡ್ಡದು. ಯಾರಾದ್ರೂ ಏನಾದ್ರೂ ಸೇರಿಸಿದ್ದಾರಾ? ತುಂಬಾ ಗಾಬರಿ ಆಗಿದೆ.

ಉತ್ತರ:
ಗಾಬರಿ ಬೇಡ ಸರ್. ಇಲ್ಲಿ ಹ್ಯಾಶ್ ಒಂದೇ ಬರೋಕೆ ಸಾಧ್ಯವೇ ಇಲ್ಲ. ಅಧಿಕೃತ ಫೈಲ್‌ನ ಕೊನೆಗೆ ಡಿಜಿಟಲ್ ಸಹಿ ಅಂಟಿಸಿದ್ದಾರೆ, ಆ ಹೆಚ್ಚುವರಿ ಕೆಬಿ ಅದೇ. ಹೆಡರ್‌ನಲ್ಲಿರೋ ಕಂಪೈಲ್ ಮಾಡಿದ ಸಮಯ, ಚೆಕ್‌ಸಮ್ ಕೂಡ ಬೇರೆ ಇರುತ್ತೆ. 2013ರಲ್ಲಿ ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಇದೇ 7.1ಎ ಕಂಪೈಲ್ ಮಾಡಿ, ಬೇರೆ ಬಂದ ಒಂದೊಂದು ಬೈಟ್‌ಗೂ ಕಾರಣ ಕೊಟ್ಟಿದ್ದಾರೆ. ನೀವೂ ಹಾಗೇ ಮಾಡಬೇಕು.

ಡಿ ಡ್ರೈವ್ ಬಿಡಿ. ಅಧಿಕೃತ ಡ್ರೈವರ್ ಫೈಲನ್ನ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ‘ಪಿಡಿಬಿ’ ಅಂತ (ಡೀಬಗ್ ಮಾಹಿತಿ ಫೈಲ್‌ನ ಹೆಸರಿನ ಕೊನೆ) ಹುಡುಕಿ. ಟ್ರೂಕ್ರಿಪ್ಟ್‌ನವರು ಬಿಲ್ಡ್ ಮಾಡಿದ ಫೋಲ್ಡರ್‌ನ ಪೂರ್ತಿ ಪಾಥ್ ಕಾಣುತ್ತೆ. ಅದೇ ಹೆಸರಿನ ಫೋಲ್ಡರ್ ಮಾಡಿ ಅಲ್ಲೇ ಬಿಲ್ಡ್ ಮಾಡಿ. ಕಂಪೈಲರ್‌ಗೆ ಸರ್ವಿಸ್ ಪ್ಯಾಕ್ 1 ಹಾಕಿದ್ದೀರಾ? ಅದೊಂದೇ ಸಾಲದು, 7.1ಎ ಹೊರಬಂದ ಫೆಬ್ರವರಿ 2012ರ ತನಕದ ಅಪ್‌ಡೇಟ್‌ಗಳೂ ಬೇಕು. ಇಲ್ಲಾಂದ್ರೆ ಕೋಡ್ ಭಾಗವೇ ಬೇರೆ ಬರುತ್ತೆ. ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡೋ ಬೂಟ್‌ಲೋಡರ್ 16-ಬಿಟ್, ಅದಕ್ಕೆ ವಿಷುವಲ್ ಸಿ++ 1.52 ಬೇಕು. ಹುಡುಕೋಕೆ ಸ್ವಲ್ಪ ಕಷ್ಟ, ಆದರೂ ಬಿಡಬೇಡಿ.

ಆಮೇಲೆ ಎರಡೂ ಫೈಲನ್ನ ವಿಷುವಲ್ ಸ್ಟುಡಿಯೊ ಜೊತೆ ಬರೋ ಡಂಪ್‌ಬಿನ್‌ನಿಂದ ಡಿಸ್‌ಅಸೆಂಬಲ್ ಮಾಡಿ (ಯಂತ್ರದ ಕೋಡನ್ನ ಓದೋಕಾಗೋ ಸೂಚನೆಗಳಾಗಿ ಬದಲಿಸಿ) ಹೋಲಿಸಿ.

ಪ್ರಶ್ನೆ ಕೇಳಿದವರು:
ಬಂತು ಸರ್! ಡಿಸ್‌ಅಸೆಂಬ್ಲಿಯಲ್ಲಿ ಒಂದು ಸಾಲೂ ವ್ಯತ್ಯಾಸ ಇಲ್ಲ. ಸಮಯ, ಚೆಕ್‌ಸಮ್, ಡೀಬಗ್ ಗುರುತು, ಸಹಿ ಇಷ್ಟೇ ಬೇರೆ. ಹಾಗಾದ್ರೆ ವೆರಾಕ್ರಿಪ್ಟ್ ನಂಬಬಹುದಾ?

ಉತ್ತರ:
ತುಂಬಾ ಖುಷಿಯಾಯ್ತು. ಆದರೆ ಬೈನರಿ ಈ ಸೋರ್ಸ್‌ನದ್ದೇ ಅಂತಷ್ಟೇ ಈಗ ಗೊತ್ತಾಗಿರೋದು, ಸೋರ್ಸ್‌ನಲ್ಲಿ ತಪ್ಪಿಲ್ಲ ಅಂತಲ್ಲ. 2015ರಲ್ಲಿ ಇದೇ ವಿಂಡೋಸ್ ಡ್ರೈವರ್‌ನಲ್ಲಿ ಎರಡು ದೋಷ ಸಿಕ್ಕವು, ವೆರಾಕ್ರಿಪ್ಟ್ 1.15ರಲ್ಲಿ ಸರಿಯಾದವು. ಹಾಗಾಗಿ ನೀವು ಕಟ್ಟಿದ 7.1ಎ ಇನ್‌ಸ್ಟಾಲ್ ಮಾಡಬೇಡಿ, ಹೋಲಿಕೆಗೆ ಮಾತ್ರ ಇಟ್ಕೊಳ್ಳಿ. ವೆರಾಕ್ರಿಪ್ಟ್‌ನ ಗಿಟ್ (ಸೋರ್ಸ್‌ನ ಪ್ರತಿ ಬದಲಾವಣೆ ದಾಖಲಿಸೋ ವ್ಯವಸ್ಥೆ) ಇತಿಹಾಸದ ಬುಡದಲ್ಲೇ 7.1ಎ ಮೂಲ ಸೋರ್ಸ್ ಇದೆ. ಮೊದಲು ಅದನ್ನ ನಿಮ್ಮ ಫೋಲ್ಡರ್ ಜೊತೆ ಡಿಫ್ ಮಾಡಿ (ಸಾಲು ಸಾಲಾಗಿ ಹೋಲಿಸಿ), ಅಲ್ಲಿಂದ ಮುಂದೆ ಒಂದೊಂದೇ ಕಮಿಟ್ (ದಾಖಲಾದ ಬದಲಾವಣೆ) ಓದ್ತಾ ಬನ್ನಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಆ ಸಾಲನ್ನ ಇಲ್ಲೇ ಹಾಕಿ, ಸೇರಿ ನೋಡೋಣ.